ಬರಿಗಾಲಿನಲ್ಲೇ ಒಲಿಂಪಿಕ್ಸ್ ಅಂಗಳಕ್ಕಿಳಿದ ಅಹ್ಮದ್ ಖಾನ್

ರಾಣೆಬೆನ್ನೂರಿನಿಂದ ಹೊರಟು ತುಂಗಭದ್ರೆಯನ್ನು ದಾಟಿ ಹರಿಹರ ತಲುಪಿದವರು 1956ರ ನವೆಂಬರ್ 1ಕ್ಕೆ ಮುನ್ನ ಬೇರೊಂದು ರಾಜ್ಯವನ್ನೇ ಪ್ರವೇಶಿಸುತ್ತಿದ್ದರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಆಗ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದವು, ಹರಿಹರ ಮೈಸೂರಿನದು. ಹೀಗಾಗಿ 1946-47ರ ಸಾಲಿನಲ್ಲಿ ಮೈಸೂರು ತಂಡ ಬಲಾಢ್ಯ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಈ ಮೂರು ಊರುಗಳ ಪಾಲಿಗೆ ಅದು ಕಾಗದದ ಮೇಲೆ ನೆರೆಯವರ ಗೆಲುವಾಗಿತ್ತು. ಇಂದು ಅದನ್ನು ಕರ್ನಾಟಕದ ಗೆಲುವೆಂದೇ ಎಣಿಸಲಾಗುತ್ತದೆ. ಆ ಕಾಲದ ಬೆಂಗಳೂರು ನಾಡಿಗೆ ಕೊಟ್ಟ ಮುಂಚೂಣಿ ಆಟಗಾರರಲ್ಲಿ ಮೊದಲು ನೆನಪಾಗಬೇಕಾದ ಹೆಸರು ಅಹ್ಮದ್ ಖಾನ್ ಅವರದು.

ಅಹ್ಮದ್ ಖಾನ್ ಜನಿಸಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ತಂದೆ ಬಾಬಾ ಖಾನ್ ಸ್ವತಃ ಫುಟ್‌ಬಾಲ್ ಆಟಗಾರರು. ಸಹೋದರರೂ ಅದೇ ಹಾದಿ ಹಿಡಿದವರು. ದಂಡುಪ್ರದೇಶದ ಬ್ರಿಟಿಷ್ ಪಡೆಗಳ ತಂಡಗಳೊಡನೆ ಸೆಣಸಿ ಪಳಗಿದ ನಗರವದು. ಅಲ್ಲಿನ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ ಗೆದ್ದು, ಮರುವರ್ಷ ಬ್ರಿಟಿಷ್ ಸೈನಿಕ ತಂಡವೊಂದನ್ನು ಸೋಲಿಸಿ ಅದನ್ನು ಉಳಿಸಿಕೊಂಡಿತ್ತು. ಬಾಲಕ ಅಹ್ಮದ್ ಕ್ರೆಸೆಂಟ್ ಕ್ಲಬ್‌ನಲ್ಲಿ ಆಟದ ಮೊದಲ ಪಾಠಗಳನ್ನು ಕಲಿತು, ಮುಂದೆ ಅದೇ ಬೆಂಗಳೂರು ಮುಸ್ಲಿಮ್ಸ್ ತಂಡದ ಮುನ್ಪಡೆಗೆ ಸೇರಿದರು. ಎಡಭಾಗದ ಒಳಜಾಗ, ಅಂದರೆ ಇನ್‌ಸೈಡ್ ಲೆಫ್ಟ್, ಅವರ ಸ್ಥಾನ. ಚೆಂಡನ್ನು ಬರಿಗಾಲಿಗೆ ಅಂಟಿಸಿಕೊಂಡಂತೆ ಒಯ್ಯುವ ಅವರ ಚಾತುರ್ಯವನ್ನು ಕಂಡವರು ಅವರಿಗೆ ಹಾವಾಡಿಗನೆಂಬ ಅಡ್ಡಹೆಸರನ್ನೇ ಇಟ್ಟರು.

ಇಪ್ಪತ್ತೊಂದರ ಹರೆಯದಲ್ಲಿ ಅವರಿಗೆ ಲಂಡನ್ ಒಲಿಂಪಿಕ್ಸ್‌ನ ಕರೆ ಬಂದಿತು. 1948ರ ಜುಲೈ 31ರಂದು ಇಲ್‌ಫೋರ್ಡ್‌ನ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿದಾಗ ನಮ್ಮವರಲ್ಲಿ ಹೆಚ್ಚಿನವರು ಬೂಟು ಧರಿಸಿರಲಿಲ್ಲ. ಮೈಸೂರಿನವರೇ ಆದ ಸಾರಂಗಪಾಣಿ ರಾಮನ್ ಭಾರತದ ಏಕೈಕ ಗೋಲು ಹೊಡೆದರು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಬಿಟ್ಟುಕೊಟ್ಟ ಗೋಲಿನಿಂದ ಭಾರತ 1-2ರಲ್ಲಿ ಸೋತಿತು. ಸೋತರೂ ಬರಿಗಾಲಿನವರ ಆಟಕ್ಕೆ ಅಲ್ಲಿನ ಪ್ರೇಕ್ಷಕರ ಮೆಚ್ಚುಗೆ ದೊರೆಯಿತು. ಆ ಮೆಚ್ಚುಗೆಯೇ ನಮ್ಮವರನ್ನು ಬೂಟಿನ ವಿಷಯದಲ್ಲಿ ಇನ್ನೂ ನಾಲ್ಕು ವರ್ಷ ಮೈಮರೆಸಿತೆಂದರೆ ತಪ್ಪಾಗಲಾರದು.

ಆಗ ಭಾರತದಲ್ಲಿ ಫುಟ್‌ಬಾಲ್ ಹೆಸರಿಗೆ ಹವ್ಯಾಸಿ ಕ್ರೀಡೆ. ಆದರೂ ಆಟವನ್ನೇ ನೆಚ್ಚಿ ಬಾಳಬಯಸುವ ಯುವಕನಿಗೆ ಕೋಲ್ಕತ್ತ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಈಸ್ಟ್ ಬೆಂಗಾಲ್ ಕ್ಲಬ್‌ನ ಕಾರ್ಯದರ್ಶಿ ಜೆ.ಸಿ. ಗುಹಾ ಪ್ರತಿಭೆಗಳನ್ನು ಹುಡುಕಿ ದಕ್ಷಿಣದತ್ತ ಕಣ್ಣು ಹಾಯಿಸಿದ್ದರು. 1949ರಲ್ಲಿ ಅಹ್ಮದ್ ಖಾನ್ ಆ ತಂಡ ಸೇರಿದ ಮೇಲೆ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೊಡಗೂಡಿ ಐವರ ಮುನ್ಪಡೆ ಪೂರ್ಣಗೊಂಡಿತು. ದಕ್ಷಿಣ ಭಾರತದ ಈ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದು ಕರೆದರು. ದೇಶವಿಭಜನೆಯಿಂದ ನೆಲೆ ಕಳೆದುಕೊಂಡು ಬಂದ ಪೂರ್ವ ಬಂಗಾಳದ ಸಾವಿರಾರು ನಿರಾಶ್ರಿತರಿಗೆ ಆ ಕ್ಲಬ್ ಊರಿನ ನೆನಪಾಗಿತ್ತು. ಅವರ ಭಾಷೆಯನ್ನರಿಯದ ಹುಡುಗರು ಅವರ ಮನೆಮಾತಾದ ಬಗೆ ಕುತೂಹಲಕರ. ಮೊದಲ ವರ್ಷವೇ ಲೀಗ್, ಐಎಫ್‌ಎ ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರೂ ಬಂದವು. 1949ರಿಂದ 1951ರವರೆಗೆ ಸತತ ಮೂರು ಬಾರಿ ಶೀಲ್ಡ್, 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಕೂಡ ಈಸ್ಟ್ ಬೆಂಗಾಲ್ ಪಾಲಾದವು.

1951ರ ಮಾರ್ಚ್‌ನಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಗೋಲಿನಿಂದ ಭಾರತ ಇರಾನನ್ನು 1-0ರಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಆ ತಂಡದಲ್ಲಿಯೂ ಅಹ್ಮದ್ ಖಾನ್ ಇದ್ದರು.

ಮರುವರ್ಷವೇ ಹೆಲ್ಸಿಂಕಿಯಲ್ಲಿ ಭಾರತ ನೆಲಕಚ್ಚಿತು. 1952ರ ಜುಲೈ 15ರಂದು, ಮುಂದೆ ಬೆಳ್ಳಿ ಗೆಲ್ಲಲಿದ್ದ ಯುಗೊಸ್ಲಾವಿಯ ಭಾರತದ ಬಲೆಗೆ 10 ಗೋಲು ಹೊಡೆಯಿತು. ಉತ್ತರದ ಚಳಿಗೆ, ಬೂಟು ತೊಟ್ಟ ಎದುರಾಳಿಗಳ ವೇಗಕ್ಕೆ ಬರಿಗಾಲಿನ ಆಟ ನಿಲ್ಲಲಿಲ್ಲ. ಪಂದ್ಯ ಮುಗಿಯುವ ಹೊತ್ತಿಗೆ ಭಾರತದ ಲೆಕ್ಕಕ್ಕೆ ಸೇರಿದ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು. ಈ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆಟಗಾರರಿಗೆ ಬೂಟು ಕಡ್ಡಾಯಗೊಳಿಸಿತು. ಬಾಲ್ಯದಿಂದ ಹೆಬ್ಬೆರಳಿನ ಸ್ಪರ್ಶವನ್ನೇ ನಂಬಿ ಆಡಿದವರಿಗೆ ಇದು ಸಣ್ಣ ಬದಲಾವಣೆಯೇನಲ್ಲ. ಆದರೆ ಅಹ್ಮದ್ ಖಾನ್ ಅಲ್ಲಿಗೆ ನಿಲ್ಲಲಿಲ್ಲ. 1954ರ ಮನಿಲಾ ಏಷ್ಯನ್ ಕ್ರೀಡಾಕೂಟದಲ್ಲಿ ಆಡಿದರು, 1950ರ ದಶಕದ ಕೊನೆಯವರೆಗೂ ಈಸ್ಟ್ ಬೆಂಗಾಲ್ ಅಂಗಿಯನ್ನೇ ತೊಟ್ಟರು.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. ಆಗ ಅವರಿಗೆ 90 ವರ್ಷ ವಯಸ್ಸಾಗಿತ್ತು.