ದೆವ್ವಕ್ಕೆ ಹೆದರಿದ ಹುಡುಗ, ದೆವ್ವದ ಕಥೆಗಾರ



ನಮ್ಮ ಗೋಡೆ ಪತ್ರಿಕೆಯಲ್ಲಿ ದೇಶಭಕ್ತರು, ವಿಜ್ಞಾನಿಗಳು, ಕವಿಗಳ ಜೀವನ ಚರಿತ್ರೆ ಬಂದಿವೆ. ಈ ಸಲ ನಾನು ದೆವ್ವದ ಕಥೆ ಬರೆದ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಯಾರೂ ನಗಬೇಡಿ. ದೆವ್ವದ ಕಥೆ ಇರೋದು ಬರೀ ಹೆದರಿಸೋದಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಇವರ ಜೀವನ ತಿಳಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ. ಅವರ ಹೆಸರು ಲಫ್ಕಾಡಿಯೊ ಹರ್ನ್. ಜಪಾನಿನ ಜನ ಅವರನ್ನು ಕೊಯಿಜುಮಿ ಯಾಕುಮೊ ಎಂದು ಕರೆಯುತ್ತಾರೆ.

ಹರ್ನ್ ಅವರು 1850ರ ಜೂನ್ 27ರಂದು ಲೆಫ್ಕಾಡಾ ಎಂಬ ದ್ವೀಪದಲ್ಲಿ ಜನಿಸಿದರು. ಅದು ಈಗ ಗ್ರೀಸ್ ದೇಶಕ್ಕೆ ಸೇರಿದೆ. ಆ ದ್ವೀಪದ ಹೆಸರನ್ನೇ ಮಗುವಿಗೆ ಇಟ್ಟರು. ತಂದೆ ಐರ್ಲೆಂಡಿನವರು, ಬ್ರಿಟಿಷ್ ಸೇನೆಯಲ್ಲಿ ವೈದ್ಯರು. ತಾಯಿ ರೋಸಾ ಗ್ರೀಕರು. ಮಗುವಿಗೆ 2 ವರ್ಷವಾದಾಗ ತಾಯಿ ಮಗ ಇಬ್ಬರೂ ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಬಂದರು. ಅಲ್ಲಿಯ ಚಳಿ, ಮಾತು, ಜನ ಯಾವುದೂ ತಾಯಿಗೆ ಒಗ್ಗಲಿಲ್ಲ. ಮಗನಿಗೆ 4 ವರ್ಷವಿದ್ದಾಗ ಅವನನ್ನು ಅಲ್ಲೇ ಬಿಟ್ಟು ತಮ್ಮ ದೇಶಕ್ಕೆ ಹೊರಟುಹೋದರು. ಮತ್ತೆ ಮಗ ತಾಯಿಯ ಮುಖ ನೋಡಲೇ ಇಲ್ಲ. ತಂದೆ ಬೇರೆ ಮದುವೆಯಾಗಿ ಸೇನೆಯ ಜೊತೆ ನಮ್ಮ ಭಾರತಕ್ಕೆ ಬಂದರು. 1866ರಲ್ಲಿ ಊರಿಗೆ ಹಿಂತಿರುಗುವಾಗ ದಾರಿಯಲ್ಲೇ ತೀರಿಕೊಂಡರು.

ಹುಡುಗನನ್ನು ಸಾಕಿದವರು ತಂದೆಯ ಕಡೆಯ ಒಬ್ಬ ಮುದುಕಿ ಅಜ್ಜಿ. ಅವರು ಶ್ರೀಮಂತರು, ದೊಡ್ಡ ಮನೆ. ಹುಡುಗನಿಗೆ ದೆವ್ವದ ಹೆದರಿಕೆ ಬಹಳ. ಈ ಹೆದರಿಕೆ ಬಿಡಿಸಬೇಕೆಂದು ಮನೆಯವರು ಒಂದು ಉಪಾಯ ಮಾಡಿದರು. ರಾತ್ರಿ ಅವನನ್ನು ಒಬ್ಬನನ್ನೇ ಕೋಣೆಯಲ್ಲಿ ಮಲಗಿಸಿ, ದೀಪ ತೆಗೆದುಕೊಂಡು ಹೋಗಿ, ಬಾಗಿಲು ಹಾಕಿಬಿಡುತ್ತಿದ್ದರು. ಹೆದರಿಕೆ ಹೋಯಿತಾ? ಇಲ್ಲ, ಇನ್ನೂ ಜಾಸ್ತಿ ಆಯಿತು. ಕತ್ತಲಲ್ಲಿ ಏನೇನೋ ಆಕಾರಗಳು ತನ್ನನ್ನು ಹಿಡಿಯಲು ಬರುತ್ತವೆ ಎಂದು ಆ ಮಗು ನಡುಗುತ್ತಿತ್ತು. ಒಮ್ಮೆ ಅದೇ ಮನೆಯಲ್ಲಿ ಪರಿಚಯದ ಹೆಂಗಸೊಬ್ಬಳು ತಿರುಗಿ ನೋಡಿದಾಗ ಅವಳಿಗೆ ಮುಖವೇ ಇರಲಿಲ್ಲವಂತೆ! ಅದನ್ನು ಅವರು ಸಾಯುವತನಕ ಮರೆಯಲಿಲ್ಲ.

16ನೇ ವಯಸ್ಸಿನಲ್ಲಿ ಶಾಲೆಯಲ್ಲಿ ಆಡುವಾಗ ಹಗ್ಗದ ಗಂಟು ಬಡಿದು ಅವರ ಎಡಗಣ್ಣು ಹೋಯಿತು. ಇನ್ನೊಂದು ಕಣ್ಣಿಗೂ ದೂರದ್ದು ಕಾಣುತ್ತಿರಲಿಲ್ಲ. ಅವರ ಫೋಟೋಗಳಲ್ಲಿ ಎಡಗಡೆ ಮುಖ ಕಾಣದ ಹಾಗೆ ತಿರುಗಿಕೊಂಡಿರುವುದು ಅದಕ್ಕೇ. ಅಷ್ಟರಲ್ಲಿ ಅಜ್ಜಿಯ ಹಣವೂ ಕರಗಿತು. 19 ವರ್ಷದ ಹುಡುಗನನ್ನು 1869ರಲ್ಲಿ ಅಮೆರಿಕಕ್ಕೆ ಸಾಗಹಾಕಿದರು. ಸಿನ್ಸಿನಾಟಿ ನಗರದಲ್ಲಿ ಊಟಕ್ಕಿಲ್ಲದೆ, ಮಲಗಲು ಜಾಗವಿಲ್ಲದೆ ಅಲೆದರು. ಅಚ್ಚುಕೂಟದ ಒಬ್ಬ ಹಿರಿಯರು ಕರುಣೆಯಿಂದ ಆಸರೆ ಕೊಟ್ಟರು. ಕಷ್ಟಪಟ್ಟು ಪತ್ರಿಕಾ ವರದಿಗಾರರಾಗಿ ಹೆಸರು ಮಾಡಿದರು.

1890ರಲ್ಲಿ ಹರ್ನ್ ಜಪಾನಿಗೆ ಹೋದರು. ಮತ್ಸುಯೆ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಹೌದು, ಇವರೂ ನಮ್ಮ ಗುರುಗಳ ಹಾಗೆ ಸೀಮೆಸುಣ್ಣ ಹಿಡಿದವರೇ! ಆ ಊರಿನಲ್ಲೇ ಸೆತ್ಸು ಎಂಬುವರನ್ನು ಮದುವೆಯಾದರು. ಸೆತ್ಸು ಅವರದು ಸಮುರಾಯ್ ಅಂದರೆ ಯೋಧರ ಮನೆತನ. ಕಾಲ ಬದಲಾಗಿ ಮನೆತನ ಬಡವಾಗಿತ್ತು. ಅವರು ಬಟ್ಟೆ ನೇಯ್ದು ಮನೆಗೆ ಆಸರೆಯಾಗಿದ್ದವರು. ಗಂಡನಿಗೆ ಜಪಾನಿ ಸರಿಯಾಗಿ ಬಾರದು, ಹೆಂಡತಿಗೆ ಇಂಗ್ಲಿಷ್ ಬಾರದು. ಇಬ್ಬರೂ ಸೇರಿ ತಮ್ಮದೇ ಒಂದು ಹರುಕು ಮುರುಕು ಜಪಾನಿ ಮಾಡಿಕೊಂಡು ಮಾತಾಡುತ್ತಿದ್ದರು. ಮುಂದೆ 1896ರಲ್ಲಿ ಹರ್ನ್ ಜಪಾನಿನ ಪ್ರಜೆಯಾಗಿ ಹೆಂಡತಿಯ ಮನೆತನದ ಹೆಸರನ್ನೇ ಪಡೆದು ಕೊಯಿಜುಮಿ ಯಾಕುಮೊ ಆದರು. ಅದೇ ವರ್ಷ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದರು.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಸೆತ್ಸು ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ ಹುಡುಕಿ ದೆವ್ವದ ಕಥೆಗಳನ್ನು ತರುತ್ತಿದ್ದರು. ರಾತ್ರಿ ದೀಪದ ಬತ್ತಿ ಇಳಿಸಿ ಗಂಡನಿಗೆ ಹೇಳುತ್ತಿದ್ದರು. ಪುಸ್ತಕ ನೋಡಿ ಓದಿದರೆ ಹರ್ನ್ ಒಪ್ಪುತ್ತಿರಲಿಲ್ಲ. ಪುಸ್ತಕ ಮುಚ್ಚಿಟ್ಟು ಸ್ವಂತ ಮಾತಿನಲ್ಲೇ ಹೇಳಬೇಕು ಎಂದು ಹಠ ಮಾಡುತ್ತಿದ್ದರು. ಕಥೆ ಕೇಳುತ್ತಾ ಅವರ ಮುಖ ಬಿಳುಚಿಕೊಳ್ಳುತ್ತಿತ್ತಂತೆ. ಹೀಗೆ ಕೇಳಿ ಬರೆದ ಕಥೆಗಳೂ ಸೇರಿರುವ ಕ್ವೈದಾನ್ ಎಂಬ ಪುಸ್ತಕ 1904ರಲ್ಲಿ ಬಂತು. ಆ ಹೆಸರಿನ ಅರ್ಥ ದೆವ್ವದ ಕಥೆ, ವಿಚಿತ್ರ ಕಥೆ ಎಂದು.

ಅದರ ಮೊದಲ ಕಥೆ ಹೋಯಿಚಿಯದು. ಹೋಯಿಚಿ ಒಬ್ಬ ಕುರುಡ ಗಾಯಕ, ತಂತಿ ವಾದ್ಯ ನುಡಿಸುತ್ತಾನೆ. 1185ರ ಸಮುದ್ರ ಯುದ್ಧದಲ್ಲಿ ಸತ್ತ ಹೇಕೆ ವಂಶದವರ ಕಥೆ ಹಾಡುವುದರಲ್ಲಿ ಗಟ್ಟಿಗ. ರಾತ್ರಿ ಒಬ್ಬ ಯೋಧ ಬಂದು ಅರಮನೆಯಲ್ಲಿ ಹಾಡಬೇಕೆಂದು ಕರೆದೊಯ್ಯುತ್ತಾನೆ. ನಿಜವಾಗಿ ಅದು ಸ್ಮಶಾನ! ಕೇಳುತ್ತಾ ಅಳುವವರು ಅದೇ ಯುದ್ಧದಲ್ಲಿ ಸತ್ತವರು! ಗುಡಿಯ ಗುರುಗಳು ಅವನನ್ನು ಉಳಿಸಲು ಮೈತುಂಬಾ ಮಂತ್ರ ಬರೆಸುತ್ತಾರೆ. ನಮ್ಮ ಕಡೆ ಹಿಂದೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೆಯುತ್ತಿದ್ದರಲ್ಲ, ಅಲ್ಲಿ ಮೈ ಮೇಲೇ ಬರೆದರು. ಆದರೆ ಕಿವಿಗಳ ಮೇಲೆ ಬರೆಯುವುದು ಮರೆತುಹೋಯಿತು. ರಾತ್ರಿ ಬಂದ ದೆವ್ವಕ್ಕೆ ಎರಡು ಕಿವಿ ಮಾತ್ರ ಕಂಡವು. ಅವನ್ನೇ ಕಿತ್ತುಕೊಂಡು ಹೋಯಿತು. ಹೋಯಿಚಿ ಮಾತ್ರ ಬದುಕಿಕೊಂಡ.

ಇನ್ನೊಂದು ಕಥೆಯಲ್ಲಿ ಮೊಟ್ಟೆಯ ಹಾಗೆ ನುಣ್ಣಗಿರುವ, ಕಣ್ಣು ಮೂಗು ಬಾಯಿ ಇಲ್ಲದ ಮುಖ ಬರುತ್ತದೆ. ಡಬ್ಲಿನ್‌ನಲ್ಲಿ ಆ ಮಗು ಕಂಡ ಮುಖ ನೆನಪಾಯಿತಾ?

ಹೋಯಿಚಿಯ ಕಥೆ ಬರೆಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಕತ್ತಲಾದರೂ ಹರ್ನ್ ದೀಪ ಹಚ್ಚಿರಲಿಲ್ಲ. ಸೆತ್ಸು ಪಕ್ಕದ ಕೋಣೆಯಿಂದ ಮೆಲ್ಲಗೆ ಹೋಯಿಚಿ ಹೋಯಿಚಿ ಎಂದು ಕೂಗಿದರು. ಒಳಗಿನಿಂದ ಹರ್ನ್, ತಾನು ಕುರುಡ, ಕರೆಯುತ್ತಿರುವವರು ಯಾರು ಎಂದು ಹೋಯಿಚಿಯ ಹಾಗೆಯೇ ಉತ್ತರ ಕೊಟ್ಟರು! ನೋಡಿ, ಅದೇ ಕತ್ತಲು. ಚಿಕ್ಕಂದಿನಲ್ಲಿ ದೀಪ ಒಯ್ದರೆಂದು ಅತ್ತವರು ಈಗ ದೀಪ ಹಚ್ಚದೆ ತಾವಾಗಿಯೇ ಕುಳಿತಿದ್ದಾರೆ. ವ್ಯತ್ಯಾಸ ಇಷ್ಟೇ. ಆಗ ಬಾಗಿಲಿನ ಆಚೆ ಯಾರೂ ಇರಲಿಲ್ಲ. ಈಗ ಬಾಗಿಲಿನ ಆಚೆ ತಮ್ಮವರ ದನಿ ಇದೆ.

1904ರ ಸೆಪ್ಟೆಂಬರ್ 26ರಂದು, 54ನೇ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ಅವರು ಟೋಕಿಯೊದಲ್ಲಿ ನಿಧನರಾದರು. ಅವರ ಕಥೆಗಳು ಇಂಗ್ಲಿಷಿನಿಂದ ಜಪಾನಿಗೆ ಅನುವಾದವಾಗಿ, ಅಲ್ಲಿನ ಮಕ್ಕಳಿಗೆ ತಮ್ಮ ಹಿರಿಯರ ಕಥೆಗಳು ವಾಪಸು ಸಿಕ್ಕವು. 1964ರಲ್ಲಿ ಕ್ವೈದಾನ್ ಸಿನಿಮಾ ಕೂಡ ಆಯಿತು.

ದೆವ್ವ ಇದೆಯೋ ಇಲ್ಲವೋ ಅನ್ನುವ ವಾದ ನನಗೆ ಬೇಡ. ಹೆದರಿಕೆಯಂತೂ ಇದೆ. ನನ್ನ ತಂಗಿ ಕತ್ತಲಾದ ಮೇಲೆ ಹಿತ್ತಲಿಗೆ ಹೋಗೋದಿಲ್ಲ. ಚಿಕ್ಕವರನ್ನು ಗುಮ್ಮ ಬಂತು ಅಂತ ಹೆದರಿಸುವುದು, ಕತ್ತಲೆ ಕೋಣೆಗೆ ಹಾಕುತ್ತೇವೆ ಅನ್ನುವುದು ನಮ್ಮಲ್ಲೂ ಇದೆ. ಹಾಗೆ ಮಾಡಿದರೆ ಧೈರ್ಯ ಬರುವುದಿಲ್ಲ ಅನ್ನುವುದಕ್ಕೆ ಹರ್ನ್ ಅವರ ಬಾಲ್ಯವೇ ಸಾಕ್ಷಿ. ಪಕ್ಕದಲ್ಲಿ ಕೂತು ಕಥೆ ಹೇಳಿದರೆ, ಹೆದರಿಕೆಯೂ ಒಂದು ಥರ ಖುಷಿ ಕೊಡುತ್ತದೆ.

ಗೆಳೆಯರೇ, ನಮ್ಮ ಅಜ್ಜಿಯರಿಗೂ ಹುಣಸೆಮರದ ದೆವ್ವ, ಕೊಳ್ಳಿದೆವ್ವದ ಕಥೆಗಳು ಗೊತ್ತು. ಅವರು ಹೋದರೆ ಕಥೆಯೂ ಹೋಗುತ್ತದೆ. ಇವತ್ತು ರಾತ್ರಿಯೇ ಒಂದು ಕೇಳಿ. ಅವರು ಹೇಳಿದ ಮಾತಿನಲ್ಲೇ ಬರೆದು ತನ್ನಿ. ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಅಂಟಿಸೋಣ.


ಎಂಟನೇ ತರಗತಿ