ಮೂಲ್ಕಿಯ ಬುಧಿ, ಎರವಲು ಗ್ಲೌಸ್ ಮತ್ತು 192

ಮಣಿಪಾಲದಿಂದ ಮಂಗಳೂರಿಗೆ ಬಸ್ ಹತ್ತಿದರೆ ಉಡುಪಿ, ಕಟಪಾಡಿ, ಕಾಪು, ಪಡುಬಿದ್ರಿ, ಹೆಜಮಾಡಿ ಎಲ್ಲ ದಾಟಿ ಶಾಂಭವಿ ಹೊಳೆಯ ಸೇತುವೆ ಸಿಗುತ್ತದೆ. ಆಚೆ ದಡ ಮೂಲ್ಕಿ. ರಜೆಗೆ ಊರಿಗೆ ಹೋಗುವಾಗ ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಬರುವಷ್ಟರಲ್ಲಿ ಒಂದು ನಿದ್ದೆ ಮುಗಿಸಿರ್ತೇವೆ. ಟೆಸ್ಟ್ ಕ್ರಿಕೆಟಿನಲ್ಲಿ 49 ವರ್ಷ ಅಲುಗಾಡದೆ ನಿಂತ ಒಂದು ಭಾರತೀಯ ದಾಖಲೆಯ ಒಡೆಯ ಹುಟ್ಟಿದ್ದು ಈ ಊರಿನಲ್ಲಿ ಅಂತ ಮೊನ್ನೆ ಮೊನ್ನೆಯವರೆಗೆ ನಮಗೂ ಗೊತ್ತಿರಲಿಲ್ಲ.

ಅವರೇ ವಿಕೆಟ್ ಕೀಪರ್ ಬುಧಿ ಕುಂದರನ್. ಪೂರ್ತಿ ಹೆಸರು ಬುಧಿಸಾಗರ ಕೃಷ್ಣಪ್ಪ ಕುಂದರನ್. ಹುಟ್ಟಿದ್ದು 1939ರ ಅಕ್ಟೋಬರ್ 2ರಂದು. ಬೆಳೆದದ್ದು ಮುಂಬಯಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ. ಅಪ್ಪನಿಗೆ ಮಗ ಕ್ರಿಕೆಟ್ ಆಡುವುದು ಇಷ್ಟವಿರಲಿಲ್ಲ. ಶಾಲೆಯ ತಂಡಕ್ಕೆ ಆಯ್ಕೆಯಾದಾಗ ಹಾಕಲು ಬಿಳಿ ಬಟ್ಟೆಯೂ ಇರಲಿಲ್ಲ. ಅಮ್ಮ ಗಂಡನಿಗೆ ಹೇಳದೆ ಅವರದೇ ಬಟ್ಟೆಯನ್ನು ಮಗನ ಅಳತೆಗೆ ಸರಿಮಾಡಿ ಕೊಟ್ಟರು. ಹುಡುಗ ಆ ಪಂದ್ಯದಲ್ಲಿ 219 ರನ್ ಹೊಡೆದು ಪೇಪರಿನಲ್ಲಿ ಬಂದ. ಆಮೇಲೆ ಮನೆಯಲ್ಲಿ ಮುಚ್ಚಿಡುವುದಕ್ಕೆ ಏನು ಉಳಿಯಿತು ಹೇಳಿ!

1960ರ ಜನವರಿ. ಮುಂಬಯಿಯ ಬ್ರೆಬೋರ್ನ್ ಸ್ಟೇಡಿಯಂ, ಎದುರಾಳಿ ಆಸ್ಟ್ರೇಲಿಯಾ. ಅಲ್ಲಿಯವರೆಗೆ ಒಂದೇ ಒಂದು ರಣಜಿ ಪಂದ್ಯ ಆಡದ 20ರ ಹುಡುಗನಿಗೆ ಟೆಸ್ಟ್ ಕ್ಯಾಪ್. ಮನೆ ತುಂಬ ಜನ, ಮಲಗಲು ಜಾಗವಿಲ್ಲ. ಹಿಂದಿನ ರಾತ್ರಿ ಮಲಗಿದ್ದು ಹತ್ತಿರದ ಪಾರ್ಕಿನಲ್ಲಿ. ಸ್ವಂತ ಗ್ಲೌಸ್ ಇಲ್ಲ. ತಂಡದಲ್ಲಿ ತನಗಾಗಿ ಜಾಗ ಬಿಟ್ಟ ನರೇನ್ ತಮ್ಹಾನೆಯವರ ಗ್ಲೌಸನ್ನೇ ಎರವಲು ತಂದು ಹಾಕಿಕೊಂಡರು. ಮುಂದಿನ ಟೆಸ್ಟ್‌ನಲ್ಲಿ ಇನ್ನಿಂಗ್ಸ್ ಆರಂಭಿಸಿ 71 ರನ್. ಮುಂದೆ ರೈಲ್ವೇಸ್ ಪರ ಮೊದಲ ರಣಜಿ ಪಂದ್ಯ ಆಡಿದಾಗ ಜಮ್ಮು ಕಾಶ್ಮೀರದ ವಿರುದ್ಧ 205!

ಇಷ್ಟೆಲ್ಲ ಇದ್ದೂ ಅವರ ಜಾಗ ಗಟ್ಟಿಯಾಗಲಿಲ್ಲ. ಯಾಕೆ? ಅಮೆರಿಕನ್ ಫುಟ್‌ಬಾಲಿನಲ್ಲಿ ಪಾಸ್ ಹಿಡಿಯುವ ರಿಸೀವರ್‌ಗಳು ಒಂದೇ ತಂಡದಲ್ಲಿ ಮೂರ್ನಾಲ್ಕು ಜನ ಇರಬಹುದು. ಕ್ರಿಕೆಟಿನಲ್ಲಿ ಕೀಪರ್ ಒಬ್ಬನೇ. ಮುಂಬಯಿಯ ಇನ್ನೊಬ್ಬ ಬಿರುಸಿನ ಹುಡುಗ ಫರೂಖ್ ಎಂಜಿನಿಯರ್ ಕೂಡ ಅದೇ ಗ್ಲೌಸಿಗೆ ಕಾಯುತ್ತಿದ್ದರು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ.

1964ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧದ ಮದ್ರಾಸ್ ಟೆಸ್ಟಿಗೆ ಎಂಜಿನಿಯರ್ ಆಡುವ ಸ್ಥಿತಿಯಲ್ಲಿರಲಿಲ್ಲ. ಕುಂದರನ್ ಬಂದರು. ಮೊದಲ ದಿನದ ಆಟ ಮುಗಿದಾಗ ಔಟಾಗದೆ 170, ಕೊನೆಗೆ 192. ಬಾಪು ನಾಡಕರ್ಣಿ ಸತತ 21 ಮೇಡನ್ ಓವರ್ ಎಸೆದದ್ದೂ ಇದೇ ಪಂದ್ಯದಲ್ಲಿ. ಒಂದೇ ಪಂದ್ಯದಲ್ಲಿ ಒಬ್ಬರು ರನ್ ಸುರಿದರು, ಇನ್ನೊಬ್ಬರು ಕೊಡಲೇ ಇಲ್ಲ! ದೆಹಲಿಯಲ್ಲಿ ಮತ್ತೊಂದು ಶತಕ. ಐದು ಟೆಸ್ಟ್‌ಗಳಲ್ಲಿ ಒಟ್ಟು 525 ರನ್. ಭಾರತದ ಕೀಪರ್ ಒಬ್ಬರ ಅತಿ ಹೆಚ್ಚಿನ ಸ್ಕೋರ್ ಎಂಬ 192ರ ದಾಖಲೆ ಮುರಿಯಲು 2013ರಲ್ಲಿ ಧೋನಿಯೇ ಬರಬೇಕಾಯಿತು, 224 ಹೊಡೆದು. ಅದೂ ಅದೇ ಚೆನ್ನೈ ನಗರದಲ್ಲಿ.

ಇನ್ನಾದರೂ ಜಾಗ ಖಾಯಂ ಅಂದುಕೊಂಡಿರಾ? ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾ ಬಂದಾಗ ಸ್ಟಂಪ್‌ಗಳ ಹಿಂದೆ ನಿಂತವರು ಇಂದ್ರಜಿತ್‌ಸಿನ್ಹಜಿ. 525 ರನ್ ಹೊಡೆದು ವರ್ಷವೂ ತುಂಬಿರಲಿಲ್ಲ.

ಮುಂದೆ ಕುಂದರನ್ ನಮ್ಮ ಮೈಸೂರು ತಂಡಕ್ಕೂ ಆಡಿದರು. ಕೊನೆಯ ಟೆಸ್ಟ್ 1967ರಲ್ಲಿ, ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ. ಅದಂತೂ ವಿಚಿತ್ರ. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಟ್ಟಿಗೆ ಆಡಿದ ಏಕೈಕ ಟೆಸ್ಟ್ ಅದು. ಸ್ಪಿನ್ನರ್‌ಗಳೇನೋ ನಾಲ್ಕು ಜನ, ಹೊಸ ಚೆಂಡು ಹಿಡಿಯಲು ಜನವೇ ಇಲ್ಲ. ಕ್ಯಾಪ್ಟನ್ ಪಟೌಡಿ ಕುಂದರನ್ ಕೈಗೆ ಚೆಂಡು ಕೊಟ್ಟು, ನೀವು ಏನು ಹಾಕ್ತೀರಿ ಅಂತ ವಿಚಾರಿಸಿದರಂತೆ. ತನಗೂ ಗೊತ್ತಿಲ್ಲ ಅಂದರಂತೆ ಇವರು. ನಾಲ್ಕು ಓವರ್ ಹಾಕಿ 13 ರನ್ ಕೊಟ್ಟರು. ಬ್ಯಾಟಿಂಗ್ ಆರಂಭಿಸಿದವರೂ ಅವರೇ. ಗ್ಲೌಸ್ ಮಾತ್ರ ಎಂಜಿನಿಯರ್ ಕೈಯಲ್ಲಿತ್ತು.

ಲೆಕ್ಕ ನೋಡಿ: ಎಂಜಿನಿಯರ್ 46 ಟೆಸ್ಟ್, ಸರಾಸರಿ 31.08. ಕುಂದರನ್ 18 ಟೆಸ್ಟ್, 981 ರನ್, ಸರಾಸರಿ 32.70. ಎಂಜಿನಿಯರ್ ದೊಡ್ಡ ಕೀಪರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಎರಡು ಸರಾಸರಿಗಳ ನಡುವೆ 28 ಟೆಸ್ಟ್‌ಗಳ ಅಂತರ ಎಲ್ಲಿಂದ ಬಂತು ಅಂತ ಎಷ್ಟು ಕೂಡಿ ಕಳೆದರೂ ನಮಗೆ ಉತ್ತರ ಸಿಗಲಿಲ್ಲ.

ಆಮೇಲೆ ಕುಂದರನ್ ಸ್ಕಾಟ್ಲೆಂಡಿಗೆ ಹೋದರು. ಡ್ರಂಪೆಲಿಯರ್ ಕ್ಲಬ್ಬಿಗೆ ವರ್ಷಗಟ್ಟಲೆ ಆಡಿದರು, ನಲವತ್ತು ದಾಟಿದ ಮೇಲೆ ಸ್ಕಾಟ್ಲೆಂಡ್ ತಂಡಕ್ಕೂ ಆಡಿದರು. 2006ರ ಜೂನ್ 23ರಂದು ಗ್ಲಾಸ್ಗೋದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಆ 192 ಇನ್ನೂ ದಾಖಲೆಯಾಗಿಯೇ ಇತ್ತು.

ಮುಂದಿನ ಸಲ ಶಾಂಭವಿ ಸೇತುವೆ ಬಂದಾಗ ಪಕ್ಕದಲ್ಲಿ ತೂಕಡಿಸುತ್ತಿರುವ ದೋಸ್ತಿಯನ್ನು ಎಬ್ಬಿಸಿ ಇಷ್ಟು ಹೇಳಿಬಿಡಿ. ನಾವಂತೂ ಎಬ್ಬಿಸ್ತೇವೆ.