ಉಪಕಾರ ಮರೆಯದ ಬಾಳು: ಕುಂದಗೋಳದ ಸವಾಯಿ ಗಂಧರ್ವರು

ಪ್ರತಿ ವರ್ಷ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬದಲ್ಲಿ, ಕರಾವಳಿಯ ನಾವು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ಯುತ್ತೇವೆ. ಕುಟುಂಬದವರೆಲ್ಲ ಒಟ್ಟಿಗೆ ಕುಳಿತು ಊಟ ಮಾಡುತ್ತೇವೆ. ವರ್ಷವಿಡೀ ಕೈಬಿಡದೆ ನಡೆಸಿದ ದೇವರನ್ನು ಕೃತಜ್ಞತೆಯಿಂದ ನೆನೆಯುವ ದಿನವದು. ಅದಾಗಿ ನಾಲ್ಕನೇ ದಿನ, ಸೆಪ್ಟೆಂಬರ್ 12, ಧಾರವಾಡ ಜಿಲ್ಲೆಯ ಕುಂದಗೋಳದ ಮಹಾನ್ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿ.

ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೆ ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂದಿರುಗಿ ಬಂದು ವಂದಿಸಿದವನು ಹೊರಗಿನವನಾದ ಸಮಾರಿಯದವನೊಬ್ಬನೇ ಎಂಬುದನ್ನು ಪ್ರಭು ಯೇಸು ಎತ್ತಿ ತೋರಿಸಿದ್ದಾರೆ. ಆದ್ದರಿಂದ ಕೃತಜ್ಞತೆಯ ಪಾಠವನ್ನು ಹೊರಗಿನವರಿಂದ ಕಲಿಯಲು ನಾವು ಸಂಕೋಚಪಡಬೇಕಿಲ್ಲ.

ಅವರ ನಿಜವಾದ ಹೆಸರು ರಾಮಚಂದ್ರ ಗಣೇಶ ಸೌಂಶಿ. ಹುಟ್ಟಿದ್ದು 1886ರಲ್ಲಿ. ತಂದೆ ಊರಿನ ಜಮೀನುದಾರರಾದ ನಾಡಿಗೇರ ಮನೆತನದಲ್ಲಿ ಗುಮಾಸ್ತರಾಗಿದ್ದರು. ಗುಮಾಸ್ತನ ಮಗನ ಸಂಗೀತದ ಆಸೆಯನ್ನು ಗುರುತಿಸಿದವರು ರಂಗನಗೌಡ ನಾಡಿಗೇರರು. ಅವರ ಮನೆಗೆ ಬರುತ್ತಿದ್ದ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು, ಎಂಟು ವರ್ಷ ತಮ್ಮ ಬಳಿಯೇ ಇದ್ದು ಕಲಿಯಬೇಕೆಂಬ ಷರತ್ತಿನ ಮೇಲೆ ಹುಡುಗನನ್ನು ಶಿಷ್ಯನಾಗಿ ಸ್ವೀಕರಿಸಿದರು. ಹರೆಯದಲ್ಲಿ ಕಂಠ ಒಡೆದು ಮಾತು ಕೇಳದಾಯಿತು. ಕಠಿಣ ಸಾಧನೆಯಿಂದ ಅದನ್ನು ಪಳಗಿಸಿದರು. ಮುಂದೆ ಮರಾಠಿ ನಾಟಕ ರಂಗದಲ್ಲಿ ಸ್ತ್ರೀ ಪಾತ್ರಗಳಲ್ಲಿ ಹಾಡಿ ಹೆಸರಾದರು. ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಎಂಬರ್ಥದ ಸವಾಯಿ ಗಂಧರ್ವ ಎಂಬ ಬಿರುದು ಅವರ ಹೆಸರೇ ಆಗಿಹೋಯಿತು.

ತಾವು ಪಡೆದದ್ದನ್ನು ಅವರು ಬಚ್ಚಿಡಲಿಲ್ಲ. ಗುರುವನ್ನು ಅರಸಿ ಹನ್ನೊಂದನೇ ವಯಸ್ಸಿನಲ್ಲಿ ಮನೆಬಿಟ್ಟು ಉತ್ತರ ಭಾರತವೆಲ್ಲ ಅಲೆದಿದ್ದ ಗದಗಿನ ಭೀಮಸೇನ ಜೋಶಿಗೆ 1936ರಲ್ಲಿ ಗುರು ದೊರೆತದ್ದು ತನ್ನ ಊರಿಗೆ ಹತ್ತಿರದ ಕುಂದಗೋಳದಲ್ಲೇ. ಆ ಹುಡುಗ ಗುರುವಿನ ಮನೆಗೆ ನೀರು ಹೊತ್ತು, ಮನೆಗೆಲಸ ಮಾಡಿ ಕಲಿತ. ಗಂಗೂಬಾಯಿ ಹಾನಗಲ್ಲರು ಜನರ ಚುಚ್ಚುಮಾತು ಸಹಿಸಿಕೊಂಡು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಬಸವರಾಜ ರಾಜಗುರು, ಫಿರೋಜ್ ದಸ್ತೂರರೂ ಇವರ ಶಿಷ್ಯರೇ.

ಐವತ್ತಾರರ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿಯಿತು. ಇಷ್ಟು ಕಷ್ಟಪಟ್ಟು ಗಳಿಸಿದ್ದ ಗಾಯನ ಅಲ್ಲಿಗೆ ಮೊಟಕಾಯಿತು. ನಮ್ಮಲ್ಲಿ ಅನೇಕರು ಇಂತಹ ಗಳಿಗೆಯಲ್ಲಿ ದೇವರು ನಮ್ಮನ್ನು ಮರೆತರೆಂದು ಗೊಣಗುತ್ತೇವೆ, ಹಿಂದೆ ಪಡೆದದ್ದೆಲ್ಲ ಕ್ಷಣದಲ್ಲಿ ಮರೆತುಹೋಗುತ್ತದೆ. ಅವರು ಮಾತ್ರ ಕೊನೆಯವರೆಗೂ ಪಾಠ ಹೇಳುವುದನ್ನು ಬಿಡಲಿಲ್ಲ. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ನಿಧನರಾದರು.

ಶಿಷ್ಯರು ಮರೆಯಲಿಲ್ಲ. ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಭೀಮಸೇನ ಜೋಶಿಯವರು ದಶಕಗಳ ಕಾಲ ಅದನ್ನು ಮುನ್ನಡೆಸಿದರು. 2008ರಲ್ಲಿ ಭಾರತರತ್ನ ಗೌರವ ಪಡೆದ ಅವರು ತಮ್ಮನ್ನು ಗುರುತಿಸಿಕೊಂಡದ್ದು ಗುರುವಿನ ಶಿಷ್ಯರೆಂದೇ. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಸ್ಮರಣೆಯ ಸಂಗೀತ ನಡೆದುಬಂದಿದೆ. ಬಾಲಕನಿಗೆ ಮೊದಲು ಆಸರೆಯಾದ ಮನೆಯಲ್ಲೇ ಶಿಷ್ಯರು ಹಿಂದಿರುಗಿ ಬಂದು ಹಾಡಿದರು.

ಪ್ರಿಯ ಓದುಗರೇ, ಒಬ್ಬ ಜಮೀನುದಾರ, ಒಬ್ಬ ಮುಸಲ್ಮಾನ ಗುರು, ನೀರು ಹೊತ್ತ ಒಬ್ಬ ಶಿಷ್ಯ: ಇವರೆಲ್ಲರ ಕೈಗಳ ಮೂಲಕ ಒಂದು ವರದಾನ ಉಳಿದು ಬೆಳೆಯಿತು. ನಮ್ಮ ಬಾಳಿನಲ್ಲೂ ದೇವರ ನಿಷ್ಠೆ ಬಹುಮಟ್ಟಿಗೆ ಮನುಷ್ಯರ ಕೈಗಳ ಮೂಲಕವೇ ಬಂದಿದೆ. ಜಪ ಕಲಿಸಿದ ಅಜ್ಜಿ, ಧರ್ಮೋಪದೇಶದ ಶಿಕ್ಷಕಿ, ಶಾಲಾ ಶುಲ್ಕ ಕಟ್ಟಿದ ನೆರೆಯವರು, ಈಗ ನಿವೃತ್ತರಾಗಿ ಒಂಟಿಯಾಗಿರುವ ನಮ್ಮ ಹಳೆಯ ವಿಚಾರಣಾ ಗುರುಗಳು. ಅವರನ್ನು ಮನಸ್ಸಿನಲ್ಲಿ ನೆನೆದರೆ ಸಾಲದು, ಹಿಂದಿರುಗಿ ಹೋಗಬೇಕು. ಪ್ರತಿಯೊಂದು ಬಲಿಪೂಜೆಯೂ ಪ್ರಭುವಿನ ಸ್ಮರಣೆ ಮತ್ತು ಕೃತಜ್ಞತಾ ಸ್ತುತಿ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅಂಥ ಒಬ್ಬರ ಬಾಗಿಲು ತಟ್ಟೋಣ. ಹತ್ತರಲ್ಲಿ ಹಿಂದಿರುಗಿ ಬಂದ ಆ ಒಬ್ಬರು ನಾವಾಗೋಣ.